ಆನೆ ಕಡಿಮೆಯಾಗಿದೆಯಂತೆ, ಹಾಗಾದರೆ ತೋಟದಲ್ಲಿರುವುದು ಯಾರು?

2025ರ ಅಕ್ಟೋಬರ್. ಕೊಡಗಿನ ಸಿದ್ದಾಪುರದಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಮೊಬೈಲ್‌ಗೆ ಎರಡು ಸಂದೇಶಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಒಂದು ಸುದ್ದಿ: ದೇಶದಲ್ಲಿ ಆನೆಗಳ ಸಂಖ್ಯೆ ಇಳಿದಿದೆ. ಇನ್ನೊಂದು ನಮ್ಮೂರಿನ ವಾಟ್ಸಾಪ್ ಗುಂಪಿನದು: ಮಾಲ್ದಾರೆ ಕಡೆ ರಸ್ತೆ ಪಕ್ಕದ ತೋಟದಲ್ಲಿ ಆನೆಗಳಿವೆ, ಜೊತೆಗೆ ಮರಿಯೂ ಇದೆ, ಬೈಕಿನವರು ಜಾಗ್ರತೆ. ಎರಡನ್ನೂ ಪಕ್ಕದ ಸೀಟಿನ ಹಿರಿಯರಿಗೆ ಓದಿ ಹೇಳಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ. "ಕಮ್ಮಿ ಆದದ್ದೆಲ್ಲ ನಮ್ಮ ತೋಟಕ್ಕೇ ಬಂದಿರ್ಬೇಕು" ಅಂದರು.

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಬಸ್ಸು ಇಳಿಯುವಷ್ಟರಲ್ಲಿ ನಗು ಹೋಗಿ ಯೋಚನೆ ಹತ್ತಿತ್ತು. ನಾನು ಓದುತ್ತಿರುವುದು ಪ್ರಾಣಿಶಾಸ್ತ್ರ. ವಾರಕ್ಕೊಂದು ಪ್ರಾಣಿ ವಿಜ್ಞಾನದ ಸುದ್ದಿ ಹುಡುಕಿ, ಅದನ್ನು ನೋಟ್ ಪುಸ್ತಕದಲ್ಲಿ ಬರೆದು, ತರಗತಿಯಲ್ಲಿ ಓದಿ ಹೇಳುವುದು ನಮಗೆ ಕೊಟ್ಟಿರುವ ಕೆಲಸ. ನಮ್ಮ ಮೇಡಂ ಯಾವ ಸುದ್ದಿಗೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದನ್ನು ಹೇಗೆ ಎಣಿಸಿದರು?" ಆ ವಾರ ನಾನು ಆನೆ ಸುದ್ದಿಯನ್ನೇ ಹಿಡಿದೆ. ಅದು ಒಂದು ವಾರಕ್ಕೆ ಮುಗಿಯುವ ಸುದ್ದಿ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಮೊದಲು ಅಂಕಿಗಳನ್ನು ಹೇಳಿಬಿಡುತ್ತೇನೆ. ರಾಷ್ಟ್ರೀಯ ಆನೆ ಗಣತಿಯ ಹೊಸ ಲೆಕ್ಕದ ಪ್ರಕಾರ ದೇಶದಲ್ಲಿರುವ ಕಾಡಾನೆಗಳು 22,446. ಅದರಲ್ಲಿ ಪಶ್ಚಿಮಘಟ್ಟದಲ್ಲೇ 11,934, ಅಂದರೆ ಅರ್ಧಕ್ಕಿಂತ ಜಾಸ್ತಿ. ರಾಜ್ಯಗಳಲ್ಲಿ ಕರ್ನಾಟಕವೇ ಮೊದಲು, 6,013. ಹಿಂದಿನ ದೊಡ್ಡ ಗಣತಿ ನಡೆದದ್ದು 2017ರಲ್ಲಿ. ಆಗ ಮೊದಲು ಬಂದ ಸಂಖ್ಯೆ 27,312. ನಂತರ 29,964 ಎಂಬ ಸಂಖ್ಯೆ ಬಳಕೆಗೆ ಬಂತು. ಹೀಗೆ ಹಳೆಯ ಸಂಖ್ಯೆಗಳೇ ಎರಡು ಇದ್ದುದರಿಂದ ಕುಸಿತದ ಸುದ್ದಿಯೂ ಎರಡಾಯಿತು. 27,312ರಿಂದ ಇಳಿಸಿದರೆ ಶೇ 18ರಷ್ಟು ಕುಸಿತ. 29,964ರಿಂದ ಇಳಿಸಿದರೆ ಶೇ 25. ಒಂದೇ ವರದಿ, ಒಂದೇ ದಿನ, ಎರಡು ಕುಸಿತ. ಓದುವವನು ಯಾವುದನ್ನು ನಂಬಬೇಕು?

ಎರಡನ್ನೂ ನಂಬುವ ಅಗತ್ಯ ಇಲ್ಲ. ವರದಿ ಮಾಡಿದವರೇ ಹೇಳಿದ್ದಾರೆ, ಇದು ಹೊಸ ವಿಧಾನ, ಹಳೆಯ ಸಂಖ್ಯೆಯ ಜೊತೆ ಹೋಲಿಸಬೇಡಿ, ಇನ್ನು ಮುಂದಿನ ಲೆಕ್ಕಕ್ಕೆ ಇದೇ ಮೊದಲ ಮೆಟ್ಟಿಲು ಅಂತ. ಆದರೆ ಆ ಮಾತು ಶೀರ್ಷಿಕೆಗೆ ಬರುವುದಿಲ್ಲ. "ಹೋಲಿಸಬೇಡಿ" ಅನ್ನುವುದನ್ನು ಯಾರು ಕ್ಲಿಕ್ ಮಾಡುತ್ತಾರೆ ಹೇಳಿ.

ಹುರುಳಿಕಾಳಿನ ಆನೆಗಳು

ಹೊಸ ವಿಧಾನ ಅರ್ಥವಾಗಲು ನಮಗೆ ತರಗತಿಯಲ್ಲಿ ಒಂದು ಡಬ್ಬಿ ಹುರುಳಿಕಾಳು ಕೊಟ್ಟರು. ಒಳಗೆ ಎಷ್ಟು ಕಾಳಿದೆ, ಪೂರ್ತಿ ಎಣಿಸದೆ ಹೇಳಬೇಕು. ಒಂದು ಹಿಡಿ ತೆಗೆದೆವು, 60 ಕಾಳು ಬಂತು. ಅವಕ್ಕೆ ಉಗುರುಬಣ್ಣ ಹಚ್ಚಿ, ಒಣಗಿಸಿ, ಡಬ್ಬಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿದೆವು. ಮತ್ತೆ ಒಂದು ಹಿಡಿ. ಈ ಸಲ 50 ಕಾಳು, ಅದರಲ್ಲಿ ಬಣ್ಣದ್ದು 12. ಲೆಕ್ಕ ಸುಲಭ. 50ರಲ್ಲಿ 12 ಬಣ್ಣದವಾದರೆ, ನಾವು ಬಣ್ಣ ಹಚ್ಚಿದ 60 ಕಾಳು ಒಟ್ಟು ಎಷ್ಟರಲ್ಲಿ ಇರಬೇಕು? 60ನ್ನು 50ರಿಂದ ಗುಣಿಸಿ 12ರಿಂದ ಭಾಗಿಸಿದರೆ 250. ಆಮೇಲೆ ಡಬ್ಬಿ ಸುರಿದು ಒಂದೊಂದಾಗಿ ಎಣಿಸಿದಾಗ ಸಿಕ್ಕಿದ್ದು 268. ಪರವಾಗಿಲ್ಲ ಅಲ್ವಾ? ಎರಡು ಹಿಡಿಯಲ್ಲಿ ಅಷ್ಟು ಹತ್ತಿರ ಬಂದೆವು.

ಪಕ್ಕದ ಗುಂಪಿನವರಿಗೆ 400 ಬಂದಿತ್ತು. ಅವರು ಡಬ್ಬಿಯನ್ನು ಸರಿಯಾಗಿ ಅಲ್ಲಾಡಿಸಿರಲಿಲ್ಲ. ಬಣ್ಣದ ಕಾಳೆಲ್ಲ ಒಂದು ಮೂಲೆಯಲ್ಲಿ ಕೂತಿದ್ದವು, ಕೈ ಹೋದದ್ದು ಇನ್ನೊಂದು ಮೂಲೆಗೆ. ಆ ತಪ್ಪೇ ನನಗೆ ಜಾಸ್ತಿ ಕಲಿಸಿತು. ಕಾಡನ್ನು ಯಾರೂ ಅಲ್ಲಾಡಿಸಲು ಆಗುವುದಿಲ್ಲ. ಆನೆಗಳು ಕಾಡಿನ ತುಂಬ ಸಮವಾಗಿ ಹರಡಿಕೊಂಡು ನಿಂತಿರುವುದಿಲ್ಲ. ನೀರಿರುವಲ್ಲಿ, ಬಿದಿರಿರುವಲ್ಲಿ, ಹಲಸು ಹಣ್ಣಾಗಿರುವಲ್ಲಿ ಸೇರುತ್ತವೆ. ಆದ್ದರಿಂದಲೇ ಹೊಸ ಗಣತಿಯಲ್ಲಿ ಯಾವ ಆನೆ ಎಲ್ಲಿ ಸಿಕ್ಕಿತು ಎಂಬ ಜಾಗವನ್ನೂ ಲೆಕ್ಕದ ಒಳಗೆ ಸೇರಿಸುತ್ತಾರೆ.

ಆನೆಗೆ ಉಗುರುಬಣ್ಣ ಹಚ್ಚುವುದು ಹೇಗೆ? ಬೇಕಾಗಿಲ್ಲ, ಗುರುತನ್ನು ಆನೆಯೇ ಬಿಟ್ಟು ಹೋಗುತ್ತದೆ. ಲದ್ದಿ ಹೊರಬರುವಾಗ ಕರುಳಿನ ಒಳಪದರದ ಜೀವಕೋಶಗಳು ಅದರ ಮೇಲ್ಮೈಗೆ ಅಂಟಿಕೊಂಡು ಬರುತ್ತವೆ. ಹೊಸ ಲದ್ದಿ ಆದರೆ ಆ ಲೋಳೆಯನ್ನು ಕೆರೆದು ಡಿಎನ್ಎ ತೆಗೆಯಬಹುದು. ಹಳೆಯದಾದರೆ, ಬಿಸಿಲು ಮಳೆಗೆ ಸಿಕ್ಕಿದ್ದರೆ ಕಷ್ಟ. ಗಣತಿಗೆ ಸಂಗ್ರಹಿಸಿದ್ದು 21,056 ಲದ್ದಿ ಮಾದರಿಗಳು. ಅವುಗಳಲ್ಲಿ ಮೈಕ್ರೋಸ್ಯಾಟಲೈಟ್ ಎಂಬ 11 ಡಿಎನ್ಎ ಗುರುತುಗಳನ್ನು ನೋಡಿದರು. ಎಲ್ಲವೂ ಹೊಂದಿದರೆ ಅದೇ ಆನೆ, ಹೊಂದದಿದ್ದರೆ ಬೇರೆ. ಹೀಗೆ ಬೇರೆ ಬೇರೆ ಅಂತ ಖಚಿತವಾಗಿ ಗುರುತಿಸಿದ ಆನೆಗಳು 4,065. ಇವು ನಮ್ಮ ಬಣ್ಣದ ಕಾಳುಗಳು. ಅಲ್ಲಿಂದ 22,446ಕ್ಕೆ ಹೋಗುವುದು ಗಣಿತ. ಆ ಗಣಿತ ಕೊಡುವುದು ಒಂದೇ ಸಂಖ್ಯೆಯಲ್ಲ, 18,255ರಿಂದ 26,645ರ ತನಕದ ಒಂದು ಹರವು. 22,446 ಅದರ ನಡುವಿನ ಅಂದಾಜು ಅಷ್ಟೇ. ನಾನು ನೋಡಿದ ಬಹುಪಾಲು ಸುದ್ದಿಗಳಲ್ಲಿ ಈ ಹರವು ಇರಲೇ ಇಲ್ಲ.

ಹಳೆಯ ಗಣತಿಯಲ್ಲಿ ಆನೆಗಳನ್ನು ಕಣ್ಣಾರೆ ಎಣಿಸುವುದೂ ಇತ್ತು, ಲದ್ದಿಯ ಲೆಕ್ಕವೂ ಇತ್ತು, ಆದರೆ ಡಿಎನ್ಎ ಇರಲಿಲ್ಲ. ಲದ್ದಿಯ ಲೆಕ್ಕ ಅಂದರೆ ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆದು, ಎರಡೂ ಬದಿ ಕಾಣುವ ಲದ್ದಿ ಗುಡ್ಡೆ ಎಣಿಸುವುದು. ಅದರಿಂದ ಆನೆಗಳ ಸಂಖ್ಯೆ ತೆಗೆಯಲು ಇನ್ನೂ ಎರಡು ವಿಷಯ ಗೊತ್ತಿರಬೇಕು. ಒಂದು ಆನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಹಾಕಿದ ಲದ್ದಿ ಎಷ್ಟು ದಿನ ಕಾಣುವಂತೆ ಉಳಿಯುತ್ತದೆ. ದಿನಕ್ಕೆ 16 ಸಲ ಅಂತ ಇಟ್ಟುಕೊಳ್ಳಿ. ಲದ್ದಿ 100 ದಿನ ಉಳಿದರೆ ಒಂದು ಆನೆಯ ಹೆಸರಿನಲ್ಲಿ ಯಾವಾಗ ನೋಡಿದರೂ 1,600 ಗುಡ್ಡೆ ಇರುತ್ತವೆ. ನಿಮಗೆ 1,600 ಗುಡ್ಡೆ ಕಂಡರೆ ಅಲ್ಲಿರುವುದು ಒಂದು ಆನೆ. ಲದ್ದಿ 50 ದಿನಕ್ಕೇ ಕರಗುವ ಜಾಗವಾದರೆ? ಅದೇ 1,600 ಗುಡ್ಡೆ, ಈಗ ಎರಡು ಆನೆ. ಕಾಡಿನಲ್ಲಿ ಒಂದು ಆನೆಯೂ ಹೆಚ್ಚಾಗಿಲ್ಲ, ಪುಸ್ತಕದಲ್ಲಿ ಇಮ್ಮಡಿ.

ಇದನ್ನು ನಾವೇ ನೋಡಬೇಕು ಅಂತ ಆಸೆ ಆಯಿತು. ಒಂದು ಕಾಫಿ ತೋಟದವರ ಅನುಮತಿ ಕೇಳಿ, ತೋಟದ ಕಾವಲುಗಾರರನ್ನು ಜೊತೆಗಿಟ್ಟುಕೊಂಡು, ಬಿಸಿಲು ಏರಿದ ಮೇಲೆ ಮಾತ್ರ ಹೋಗಿ 20 ಗುಡ್ಡೆಗಳ ಪಕ್ಕ ಬಣ್ಣದ ಕೋಲು ನೆಟ್ಟೆವು. ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ. ಬೇಸಿಗೆಯವು ಎರಡು ತಿಂಗಳಾದರೂ ಒಣ ಹುಲ್ಲಿನ ಉಂಡೆಗಳಂತೆ ಕೂತಿದ್ದವು. ಜುಲೈಯವು ಮೂರೇ ವಾರಕ್ಕೆ ಹೆಚ್ಚುಕಡಿಮೆ ಮಾಯ. ಮಳೆ ಅರ್ಧ ಕೆಲಸ ಮಾಡಿದರೆ ಸಗಣಿ ಹುಳಗಳು ಉಳಿದರ್ಧ ಮಾಡಿದವು. ಐದು ಕೋಲುಗಳನ್ನು ಆನೆಗಳೇ ಕಿತ್ತು ಹಾಕಿದ್ದವು. ಆ ಐದನ್ನು "ಮಾಹಿತಿ ಲಭ್ಯವಿಲ್ಲ" ಅಂತ ಬರೆದೆವು, ಕಾರಣದ ಜಾಗದಲ್ಲಿ "ಆನೆ" ಅಂತ ಬರೆದೆವು. 20 ಗುಡ್ಡೆ ಇಟ್ಟುಕೊಂಡು ಯಾರೂ ವಿಜ್ಞಾನ ಕಟ್ಟುವುದಿಲ್ಲ, ನಾವೂ ಕಟ್ಟಲು ಹೋಗಲಿಲ್ಲ. ಆದರೆ ಹಳೆಯ ಲೆಕ್ಕ ಎಲ್ಲಿ ಜಾರುತ್ತದೆ ಅನ್ನುವುದನ್ನು ಕಾಲಿಗೆ ಜಿಗಣೆ ಕಚ್ಚಿಸಿಕೊಂಡೇ ಕಲಿತೆವು.

ಇನ್ನೊಂದು ಲೆಕ್ಕವೂ ಇದೆ. 2023ರ ಮೇ ತಿಂಗಳಲ್ಲಿ ಕರ್ನಾಟಕ ಅರಣ್ಯ ಇಲಾಖೆ ತಾನೇ ಗಣತಿ ಮಾಡಿತ್ತು. ಆಗ ರಾಜ್ಯಕ್ಕೆ ಬಂದದ್ದು 6,395. ಬಂಡೀಪುರದಲ್ಲಿ 1,116, ನಮ್ಮ ಪಕ್ಕದ ನಾಗರಹೊಳೆಯಲ್ಲಿ 831. 2017ರಲ್ಲಿ ರಾಜ್ಯಕ್ಕೆ ಇದ್ದದ್ದು 6,049. ಈಗ 6,013. ಮೂರು ಸಂಖ್ಯೆಗಳನ್ನು ಸಾಲಾಗಿ ಬರೆದರೆ ಏರಿ ಇಳಿದ ಹಾಗೆ ಕಾಣುತ್ತದೆ. ವಿಧಾನದ ಹೆಸರನ್ನೂ ಪಕ್ಕದಲ್ಲಿ ಬರೆದರೆ ಏರಿತೋ ಇಳಿಯಿತೋ ಹೇಳಲು ಆಗುವುದಿಲ್ಲ. ಒಂದೇ ತಕ್ಕಡಿಯಲ್ಲಿ ತೂಗಿದ ಚೀಲಗಳಲ್ಲ ಅವು.

ಆನೆಯ ಮೈಗೇ ಒಂದು ಲೆಕ್ಕವಿದೆ

ವಿಧಾನದ ಗಲಾಟೆ ಬಿಡಿ. ಯಾವ ಉಪಕರಣವೂ ಇಲ್ಲದೆ ಒಂದು ಪರೀಕ್ಷೆ ಮಾಡಬಹುದು. ಹೆಣ್ಣಾನೆ ಗರ್ಭ ಹೊರುವುದು ಸುಮಾರು 22 ತಿಂಗಳು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಮರಿಗೆ ನಾಲ್ಕೈದು ವರ್ಷ ಕಾಯಬೇಕು. ಇಂಥ ಪ್ರಾಣಿಯ ಸಂಖ್ಯೆ ಐದು ವರ್ಷದಲ್ಲಿ ಇಮ್ಮಡಿ ಆಗಲು ಸಾಧ್ಯವೇ ಇಲ್ಲ. ಹಾಗೆಯೇ ಎಂಟು ವರ್ಷದಲ್ಲಿ 7,500 ಆನೆ ಕಡಿಮೆ ಆಗಬೇಕಾದರೆ, ಹುಟ್ಟಿದ್ದಕ್ಕಿಂತ ಸತ್ತದ್ದು ಅಷ್ಟು ಜಾಸ್ತಿ ಇರಬೇಕಿತ್ತು. ಆನೆ ಸತ್ತರೆ ಅಡಗಿಸಿಡುವುದು ಸುಲಭವಲ್ಲ. ಅಷ್ಟು ಸಾವು ನಡೆದಿದ್ದರೆ ದೇಶದ ಕಾಡುಗಳು ನಾತ ಹೊಡೆಯುತ್ತಿದ್ದವು.

ಅಂದರೆ ಎರಡು ಕಡೆಯ ಮಾತೂ ಹಾಗೆಹಾಗೇ ನಿಲ್ಲುವುದಿಲ್ಲ. "ದೇಶದಲ್ಲಿ ಕಾಲು ಭಾಗ ಆನೆ ಹೋಯಿತು" ಅನ್ನುವ ಸುದ್ದಿಯೂ ನಿಲ್ಲುವುದಿಲ್ಲ. "ಆನೆ ಸಿಕ್ಕಾಪಟ್ಟೆ ಹೆಚ್ಚಾಗಿದೆ, ಅದಕ್ಕೇ ತೋಟಕ್ಕೆ ಬರುತ್ತಿವೆ" ಅನ್ನುವ ನಮ್ಮ ಅಮ್ಮತ್ತಿ, ಪಾಲಿಬೆಟ್ಟದ ಚಹಾ ಅಂಗಡಿ ಮಾತೂ ನಿಲ್ಲುವುದಿಲ್ಲ. ಆದರೆ ಅಂಗಡಿಯಲ್ಲಿ ಕೂತವರು ಸುಳ್ಳು ಹೇಳುತ್ತಿಲ್ಲ. ಅವರು ನಿಜವಾಗಿ ಮೊದಲಿಗಿಂತ ಜಾಸ್ತಿ ಆನೆ ನೋಡುತ್ತಿದ್ದಾರೆ. ಹುಟ್ಟಿನಿಂದ ಅಷ್ಟು ಬೇಗ ಹೆಚ್ಚಾಗಲು ಆಗದಿದ್ದರೆ ಉಳಿಯುವುದು ಒಂದೇ ದಾರಿ. ಆನೆಗಳು ಇರುವ ಜಾಗ ಬದಲಾಗಿದೆ.

ಬಸ್ಸಿನ ಹಿರಿಯರು ತಮಾಷೆಗೆ ಹೇಳಿದ್ದು ಇದನ್ನೇ.

ಕೊಡಗಿನ ನಕ್ಷೆಯನ್ನು ಒಮ್ಮೆ ನೋಡಿ. ಪೂರ್ವಕ್ಕೆ ನಾಗರಹೊಳೆ, ದೇವಮಚ್ಚಿ ಕಡೆಯ ಕಾಡು. ಪಶ್ಚಿಮಕ್ಕೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ. ನಡುವೆ ಕಾಫಿ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆ ಇದು. ಆನೆಗೆ ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದರೆ ಕಾಫಿಯನ್ನು ದಾಟಲೇಬೇಕು. ನಮ್ಮ ತೋಟಗಳೋ ಬಯಲಲ್ಲ. ಮೇಲೆ ಹಲಸು, ಅತ್ತಿ, ನಂದಿಯ ನೆರಳು. ಕೆಳಗೆ ಆಳೆತ್ತರದ ರೊಬಸ್ಟಾ ಕಾಫಿ ಗಿಡ. ನಡುನಡುವೆ ಬೇಸಿಗೆಗೂ ಬತ್ತದ ಕೆರೆ, ಅಂಚಿನಲ್ಲಿ ಬಾಳೆ, ತಗ್ಗಿನಲ್ಲಿ ಭತ್ತದ ಗದ್ದೆ. ದಿನಕ್ಕೆ 150 ಕಿಲೋದಷ್ಟು ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕಾದ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಕಾಡಿನ ಕಡೆ ನೋಡಿದರೆ ಲಂಟಾನ ಎಂಬ ಕಳೆ ಹಬ್ಬಿ ಹುಲ್ಲು ಬೆಳೆಯಲು ಜಾಗವಿಲ್ಲ. ಎಷ್ಟೋ ಕಡೆ ತೇಗದ ನೆಡುತೋಪು. ಬಿದಿರು ಹೂಬಿಟ್ಟು ಒಣಗಿದ ಮೇಲೆ ಮತ್ತೆ ಬೆಳೆಯಲು ವರ್ಷಗಳು ಬೇಕು.

ಮೊದಲು ದಾಟಲು ಬಂದವು ಈಗ ಉಳಿಯುತ್ತಿವೆ. ತೋಟದಲ್ಲೇ ಹುಟ್ಟಿದ ಮರಿಗಳಿವೆ. ಆ ಮರಿಗೆ ಕಾಫಿ ತೋಟವೇ ತವರು, ಕಾಡೇ ಪರಸ್ಥಳ. ಅದನ್ನು "ಕಾಡಿಗೆ ವಾಪಸ್ ಕಳಿಸಿ" ಅಂದರೆ ಯಾವ ವಾಪಸ್ಸು?

ಈ ಬದಲಾವಣೆ ನಿನ್ನೆ ಮೊನ್ನೆಯದಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ಸೇರಿ ಮಾಡಿದ ಒಂದು ಅಧ್ಯಯನ 2011ರಲ್ಲೇ ಪ್ರಕಟವಾಗಿದೆ. ಅವರ ಕೆಲಸ ಶುರುವಾದದ್ದು 2007ರಲ್ಲಿ. ತೋಟದ ಗಾತ್ರ, ಕಾಡಿನ ದೂರ, ನೀರು, ಇಂಥವುಗಳಿಗೂ ಆನೆ ಬರುವುದಕ್ಕೂ ನೇರ ಸಂಬಂಧ ಸಿಗಲಿಲ್ಲ. ಆನೆಗಳು ಪೂರ್ವ ಪಶ್ಚಿಮದ ಕಾಡುಗಳ ನಡುವೆ ಓಡಾಡುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನು ತಿನ್ನುತ್ತವೆ ಅಂತ ಅವರು ಕಂಡುಕೊಂಡರು. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ಲದ್ದಿಯಲ್ಲಿ ಕಾಫಿ ಬೀಜ ಸಿಕ್ಕಿತು. ಆನೆಗಳು ಹಣ್ಣಾದ ಕಾಫಿಯನ್ನು ಆರಿಸಿ ತಿನ್ನಲು ಶುರು ಮಾಡಿದ್ದವು. ಕಾಡಾನೆ ಕಾಫಿ ಹಣ್ಣು ತಿನ್ನುವುದರ ಬಗ್ಗೆ ತಮಗೆ ತಿಳಿದಂತೆ ಇದೇ ಮೊದಲ ವರದಿ ಅಂತ ಅವರು ಬರೆದಿದ್ದರು. ಈ ಅಭ್ಯಾಸ ಉಳಿದ ಆನೆಗಳಿಗೂ ಹಬ್ಬಿದರೆ ಕಷ್ಟ ಅಂತ ಎಚ್ಚರಿಸಿಯೂ ಇದ್ದರು.

ನಾವೂ ಲದ್ದಿ ಬಿಡಿಸಿದೆವು. ಕೈಗವಸು, ಮೂಗಿಗೆ ಬಟ್ಟೆ, ಹಳೆಯ ಜರಡಿ. ನಾತ ಅಷ್ಟೇನಿಲ್ಲ, ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ, ಹಾಗಾಗಿ ಸಿಗುವುದು ಬಹುಪಾಲು ನಾರು. ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ಹೊತ್ತಿಗೆ ಆರಿಸಿದ ಲದ್ದಿಯಲ್ಲಿ ಕಾಫಿ ಬೀಜ ಇತ್ತು. ಜೂನ್‌ನಲ್ಲಿ ಹಲಸಿನ ಬೀಜ. ಎರಡನ್ನೂ ಟ್ರೇಯಲ್ಲಿ ಮಣ್ಣು ಹಾಕಿ ಬಿತ್ತಿದೆವು. ಹಲಸು ಮೊಳೆಯಿತು. ಕಾಫಿಯೂ ತಡವಾಗಿ ಕೆಲವು ಮೊಳೆತವು. ಥಾಯ್ಲೆಂಡಿನಲ್ಲಿ ಸಾಕಿದ ಆನೆಗಳಿಗೆ ಕಾಫಿ ತಿನ್ನಿಸಿ, ಲದ್ದಿಯ ಬೀಜ ತೊಳೆದು, ಚಿನ್ನದ ಬೆಲೆಗೆ ಮಾರುತ್ತಾರೆ ಅಂತ ಒಬ್ಬ ಗೆಳೆಯ ಹೇಳಿದ. ನಮ್ಮಲ್ಲೇ ಕಬ್ಬೆಕ್ಕಿನ ಕಾಫಿ ಮಾಡುವವರಿದ್ದಾರೆ, ಇದೂ ಒಂದು ಆಗಲಿ ಅಂದ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯ, ಅಜ್ಜಿಯೊಬ್ಬರು ಇದನ್ನು ಕೇಳಿ, "ಮೊದಲು ಅದು ಮುರಿದ ಗಿಡದ ದುಡ್ಡು ಕೊಡಿಸಿ, ಆಮೇಲೆ ಕುಡಿಯುವ" ಅಂದರು.

ಅವರು ಹೇಳಿದ್ದು ಸರಿ. ಆನೆ ತಿಂದ ಕಾಫಿ ಹಣ್ಣಿಗಿಂತ ಅದು ನಡೆದಾಗ ಮುರಿಯುವ ಗಿಡದ ನಷ್ಟ ದೊಡ್ಡದು. ಹಣ್ಣು ಈ ವರ್ಷದ್ದು, ಗಿಡ ಮುಂದಿನ ಹತ್ತಾರು ವರ್ಷದ್ದು. ಅದಕ್ಕಿಂತ ದೊಡ್ಡದು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುವ ಜನರ ಭಯ. ಆನೆ ಲೆಕ್ಕದ ಯಾವ ವರದಿಯಲ್ಲೂ ಈ ಭಯಕ್ಕೆ ಒಂದು ಕಾಲಂ ಇಲ್ಲ. ತೋಟದ ಯಜಮಾನರಿಗೂ ಲೈನ್ ಮನೆಯವರಿಗೂ ಆನೆ ಒಂದೇ ರೀತಿ ಸಿಗುವುದಿಲ್ಲ. ಯಜಮಾನರಿಗೆ ಸಿಗುವುದು ಮುರಿದ ಗಿಡ. ಗಿಡದ ಸಂದಿಯಲ್ಲಿ ಎದುರಾಗುವುದು ಕಾಳುಮೆಣಸು ಕೊಯ್ಯಲು ಹೋದವರಿಗೆ.

ಯಾರು ಬರುತ್ತಿದ್ದಾರೆ ಅನ್ನುವುದೂ ಮುಖ್ಯ. ತಾಯಿ, ಮಗಳು, ಮರಿಗಳ ಹಿಂಡಿನ ನಡತೆ ಒಂದು ತರಹ, ಗಂಡಾನೆಗಳದ್ದು ಇನ್ನೊಂದು. ಗಂಡು ಮರಿ 10-15 ವರ್ಷವಾದಾಗ ತಾಯಿಯ ಹಿಂಡು ಬಿಡುತ್ತದೆ. ಗಂಡಾನೆ ಅಂದರೆ ಒಂಟಿ ಸಲಗ ಅಂತ ನಾವು ಚಿಕ್ಕಂದಿನಿಂದ ಕೇಳಿದ್ದು. ಆನೆ ಸಂಶೋಧಕ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಡುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆ ಮತ್ತು ಜನ ಇರುವ ಕಡೆ ಗಂಡಾನೆಗಳು, ಅದರಲ್ಲೂ ಹದಿಹರೆಯದವು, ಗುಂಪು ಕಟ್ಟಿಕೊಂಡು ಇರುತ್ತಿವೆ. ಅಪಾಯದ ಜಾಗದಲ್ಲಿ ಒಬ್ಬರಿಗೊಬ್ಬರು ಜೊತೆ. ಬಹುಶಃ ದೊಡ್ಡವರಿಂದ ಚಿಕ್ಕವರು ಬೇಲಿ ಮುರಿಯುವುದನ್ನು ಕಲಿಯುತ್ತಾರೆ, ಇದು ಮಾತ್ರ ನನ್ನ ಊಹೆ. ನಮ್ಮ ಹಾಸ್ಟೆಲ್‌ನಲ್ಲಿ ಕಾಂಪೌಂಡ್ ಹಾರುವುದನ್ನು ನಾವು ಕಲಿತದ್ದೂ ಹಾಗೇ.

ಬೇಲಿಯ ವಿಷಯಕ್ಕೆ ಬಂದರೆ, ಸೋಲಾರ್ ತಂತಿಯನ್ನು ದಂತದಿಂದ ಒತ್ತಿದರೆ ಶಾಕ್ ಹೊಡೆಯುವುದಿಲ್ಲ ಅಂತ ಆನೆಗೆ ಗೊತ್ತು. ಮರ ಬೀಳಿಸಿ ತಂತಿ ಮಲಗಿಸುವುದೂ ಗೊತ್ತು. ಕಂದಕ ತೋಡಿದರೆ ಕೊಡಗಿನ ಮಳೆಗೆ ಎರಡು ವರ್ಷದಲ್ಲಿ ಅಂಚು ಕುಸಿಯುತ್ತದೆ. ರೈಲ್ವೆ ಕಂಬಿಯ ಬೇಲಿ ಗಟ್ಟಿ, ದುಬಾರಿ. ಆದರೆ ಅದಕ್ಕೂ ಒಂದು ತೊಡಕಿದೆ, ಇದರ ಬಗ್ಗೆ ಮಾತು ಕಡಿಮೆ. ಕಾಡಂಚಿಗೆ ಬೇಲಿ ಹಾಕಿದರೆ ಕಾಡಿನಲ್ಲಿರುವ ಆನೆ ಕಾಡಿನಲ್ಲೇ ಉಳಿಯುತ್ತದೆ, ಒಪ್ಪಿದೆ. ಆ ಹೊತ್ತಿಗೆ ತೋಟದಲ್ಲಿರುವ ಆನೆ? ಅದಕ್ಕೆ ಹಿಂದೆ ಹೋಗುವ ದಾರಿಯೂ ಮುಚ್ಚಿತು. ಪಟಾಕಿ ಹೊಡೆದು, ಕೂಗಿ ಓಡಿಸುವ ಕಾರ್ಯಾಚರಣೆಯಲ್ಲಿ ಹಿಂಡು ಒಡೆದು ಪಕ್ಕದ ತೋಟಕ್ಕೆ ಹೋಗುತ್ತದೆ. ಎರಡು ದಿನ ಆ ತೋಟದವರು ಬೈಯುತ್ತಾರೆ, ಮೂರನೇ ದಿನ ಹಿಂಡು ವಾಪಸ್ ಬರುತ್ತದೆ. ಆನೆ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲದೆ ಬೇಲಿ ಎಳೆಯುವುದು ಕತ್ತಲಲ್ಲಿ ಬಾಗಿಲು ಹಾಕಿದ ಹಾಗೆ. ಕಳ್ಳ ಒಳಗಿದ್ದಾನೋ ಹೊರಗಿದ್ದಾನೋ ನೋಡಿಕೊಳ್ಳಬೇಕಲ್ವಾ. ಆನೆಯನ್ನು ಕಳ್ಳ ಅಂದದ್ದು ಸುಮ್ನೆ, ಮಾತಿಗೆ.

ನಮ್ಮ ಸುದ್ದಿ ಪುಸ್ತಕದಲ್ಲಿ ಇನ್ನೂ ಎರಡು ಆನೆ ಸುದ್ದಿಗಳಿದ್ದವು. ಒಂದು, ಉತ್ತರ ಬಂಗಾಳದ ಚಹಾ ತೋಟಗಳಲ್ಲಿ ಆನೆಗಳು ಸತ್ತ ಮರಿಗಳನ್ನು ಕಾಲುವೆಯಲ್ಲಿ ಹೂತಿವೆ ಎಂಬ 2024ರ ವರದಿ. ಮರಿಗಳು ಬೆನ್ನು ಕೆಳಗೆ, ಕಾಲು ಮೇಲೆ ಇದ್ದವಂತೆ. ಓದಿದ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಮೇಡಂ ಎಂದಿನಂತೆ ಕೇಳಿದರು: ಎಷ್ಟು ಮರಿ? ಐದು. ಹೂಳುವುದನ್ನು ಯಾರಾದರೂ ಕಣ್ಣಾರೆ ಪೂರ್ತಿ ನೋಡಿದರಾ? ಅಲ್ಲಿಗೆ ಚರ್ಚೆ ಶುರುವಾಯಿತು. ನನಗೆ ಆ ಸುದ್ದಿ ಮೇಲೆ ಅನುಮಾನ ಇಲ್ಲ, ಆದರೆ ಐದು ಘಟನೆಯಿಂದ "ಆನೆಗಳು ಅಂತ್ಯಸಂಸ್ಕಾರ ಮಾಡುತ್ತವೆ" ಎಂಬ ಶೀರ್ಷಿಕೆಗೆ ಹಾರುವುದು ದೊಡ್ಡ ಹಾರಾಟ.

ಇನ್ನೊಂದು, ಆಫ್ರಿಕಾದ ಆನೆಗಳು ಒಂದನ್ನೊಂದು ಹೆಸರಿನಂಥ ಕೂಗಿನಿಂದ ಕರೆಯುತ್ತವೆ ಎಂಬುದು. ಇದೂ 2024ರದ್ದೇ. ಕೆನ್ಯಾದಲ್ಲಿ ಧ್ವನಿಮುದ್ರಿಸಿದ 469 ಕೂಗುಗಳನ್ನು ಕಂಪ್ಯೂಟರಿಗೆ ಕೊಟ್ಟು, ಯಾರನ್ನು ಕರೆದದ್ದು ಅಂತ ಊಹಿಸಲು ಹೇಳಿದರು. ಅದು ಸರಿ ಹೇಳಿದ್ದು ಶೇ 27.5ರಷ್ಟು. ಬರೇ 27 ಅನ್ನಿಸಬಹುದು. ಕಣ್ಣು ಮುಚ್ಚಿ ಊಹಿಸಿದ್ದರೆ ಬರುತ್ತಿದ್ದದ್ದು ಶೇ 8 ಮಾತ್ರ. ಹಾಗೆ ನೋಡಿದರೆ ಅದು ದೊಡ್ಡ ವಿಷಯ. 8 ಗೊತ್ತಿಲ್ಲದೆ 27.5ಕ್ಕೆ ಅರ್ಥವಿಲ್ಲ.

ಈ ಹೆಸರಿನ ಸುದ್ದಿ ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಕಾವಲುಗಾರರು. ಅವರು ಆನೆಗಳಿಗೆ ಇಟ್ಟ ಹೆಸರುಗಳು. ಬಾಲ ಮುರಿದದ್ದು. ಎಡಗಿವಿ ಹರಿದದ್ದು. ದಂತವಿಲ್ಲದ ಗಂಡಾನೆಗೆ ಮಖ್ನಾ, ಅದರಲ್ಲೂ ಇಬ್ಬರು, ಹಾಗಾಗಿ ದೊಡ್ಡ ಮಖ್ನಾ, ಸಣ್ಣ ಮಖ್ನಾ. ಬಲಗಡೆಯ ದಂತ ತುಂಡಾದ ಒಬ್ಬನಿಗೆ ಊರಿನ ಒಬ್ಬ ದೊಡ್ಡಮನುಷ್ಯರ ಹೆಸರಿದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಯಾವುದು ಯಾವ ತಿಂಗಳು ಬರುತ್ತದೆ, ಯಾವ ಗೇಟಿನಿಂದ ಬರುತ್ತದೆ, ಯಾರಿಗೆ ಸಿಟ್ಟು ಜಾಸ್ತಿ, ಎಲ್ಲಾ ಅವರ ಬಾಯಲ್ಲಿದೆ. ಕೇಳುತ್ತಾ ಕೂತಿದ್ದಾಗ ತಟ್ಟನೆ ಹೊಳೆಯಿತು, ಇದು ಬಣ್ಣದ ಹುರುಳಿಕಾಳು! ಕಿವಿಯ ಹರಕು, ಬಾಲದ ಕೂದಲು, ದಂತದ ಆಕಾರ ನೋಡಿ ಆನೆಯನ್ನು ಗುರುತಿಸುವುದು ಸಂಶೋಧಕರೂ ಬಳಸುವ ವಿಧಾನ. ಡಿಎನ್ಎ ಬೇಡ, ಪ್ರಯೋಗಾಲಯ ಬೇಡ. ಗುರುತು ಹಿಡಿಯುವವರು ಆಗಲೇ ತೋಟದಲ್ಲಿದ್ದಾರೆ. ಬರೆದಿಡುವವರಿಲ್ಲ, ಅಷ್ಟೇ.

ರಾಷ್ಟ್ರದ ಗಣತಿ ಬೇಡ ಅಂತ ನಾನು ಹೇಳುತ್ತಿಲ್ಲ. ಮುಂದಿನ ಸಲ ಇದೇ ತಕ್ಕಡಿಯಲ್ಲಿ ತೂಗಿದರೆ ಆಗ ನಿಜವಾದ ಏರಿಳಿತ ತಿಳಿಯುತ್ತದೆ. ಆದರೆ ಅದು ವರ್ಷಗಳಿಗೊಮ್ಮೆ ಬರುವ ಉತ್ತರ, ಪ್ರಶ್ನೆ "ಎಷ್ಟಿವೆ?" ಎಂಬುದು. ಲೈನ್ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಕೇಳುವ ಪ್ರಶ್ನೆ "ಎಲ್ಲಿವೆ?" ಅದಕ್ಕೆ ಉತ್ತರ ಆರಕ್ಕೇ ಬೇಕು. ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೋ ಕಾಲರ್ (ಆನೆ ಎಲ್ಲಿದೆ ಅಂತ ತಿಳಿಸುವ ಕೊರಳಪಟ್ಟಿ) ಹಾಕುವುದು, ಮೊಬೈಲ್ ಸಂದೇಶ ಕಳಿಸುವುದು ಈ ದಾರಿಯ ಕೆಲಸಗಳು. ಇದಕ್ಕೆ ಸಿಗುವ ಗಮನ ಸಾಲದು. ಕಾಲರ್ ಇಲ್ಲದ ಆನೆಯ ಸಂದೇಶ ಯಾರೂ ಕಳಿಸುವುದಿಲ್ಲ ಅನ್ನುವುದೂ ನೆನಪಿರಲಿ. ಸಂದೇಶ ಬರಲಿಲ್ಲ ಅಂದರೆ ಆನೆ ಇಲ್ಲ ಅಂತಲ್ಲ.

ಈ ಸೆಮಿಸ್ಟರಿಗೆ ನಾಲ್ವರು ಸೇರಿ ಒಂದು ಪುಸ್ತಕ ಮಾಡಿದ್ದೇವೆ. ಉದ್ದ ನೋಟ್ ಪುಸ್ತಕ, ಗೆರೆ ಎಳೆದದ್ದು ಸ್ಕೇಲಿನಲ್ಲಿ. ತಾರೀಕು, ಹೊತ್ತು, ಎಷ್ಟು, ಮರಿ ಇದೆಯಾ, ಗಂಡೋ ಹೆಣ್ಣೋ, ಗುರುತು ಏನು, ಯಾವ ಕಡೆ ಹೋಯಿತು. ಅದನ್ನು ಕಾವಲುಗಾರರ ಶೆಡ್ಡಿನಲ್ಲಿ ಟಾರ್ಚಿನ ಪಕ್ಕ ತೂಗು ಹಾಕಿದ್ದೇವೆ. ಮೊದಲ ವಾರ ಪುಟ ಖಾಲಿ. ನಾವು ಎಳೆದ ಕಾಲಂಗಳು ಅವರಿಗೆ ಹಿಡಿಸಿರಲಿಲ್ಲ. "ಎಷ್ಟು ಅನ್ನೋದು ಕತ್ತಲಲ್ಲಿ ಗೊತ್ತಾಗಲ್ಲ, ಅದನ್ನು ಕೊನೆಗೆ ಹಾಕಿ. ಯಾವ ಗೇಟು ಅನ್ನೋದು ಮೊದಲು ಬರಲಿ" ಅಂದರು. ಗೆರೆ ಅಳಿಸಿ ಮತ್ತೆ ಎಳೆದೆವು. ಮೊನ್ನೆ ಹೋದಾಗ ಹನ್ನೊಂದು ಸಾಲು ತುಂಬಿತ್ತು. ಕೊನೆಯ ಸಾಲಿನಲ್ಲಿ, ಪೆನ್ಸಿಲಿನಲ್ಲಿ, ಹೀಗಿತ್ತು: ಕೆರೆ ಗೇಟು, ರಾತ್ರಿ 9, ಎಡಗಿವಿ ಹರಿದದ್ದು, ಜೊತೆಗೆ ಮರಿ, ಇನ್ನೂ ಹೋಗಿಲ್ಲ.